ಅಕ್ಕೋರು ಬರೆದ ಒಂದು ಸುಳ್ಳು

ಅಕ್ಕೋರ ಮನೆಯಲ್ಲಿ ಪೆನ್ನು ಇರಲಿಲ್ಲ. ಗ್ರೋಸರಿ ಪಟ್ಟಿ, ಫೋನ್ ನಂಬರು, ಹಬ್ಬದ ದಿನ ಯಾರ ಮನೆಗೆ ಎಷ್ಟು ಹೋಳಿಗೆ ಕಳಿಸಬೇಕು ಅನ್ನುವುದು, ಎಲ್ಲವೂ ಪೆನ್ಸಿಲ್ಲಿನಲ್ಲಿ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಕಾದರೆ ಎದ್ದು ಹೊರಗೆ ಹೋಗಿ, ನಿಲ್ಲಿಸಿದ ಕಾರಿನೊಳಗೆ ಕೂತು, ಅಲ್ಲಿಟ್ಟಿದ್ದ ಒಂದೇ ಒಂದು ಪೆನ್ನಿನಿಂದ ಸಹಿ ಮಾಡಿ, ಪೆನ್ನನ್ನು ಅಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗು, ನಗು," ಎಂದಿದ್ದರು. "ಪೆನ್ಸಿಲ್ ತಪ್ಪು ಮಾಡಿದ್ರ ಅಳಸಬಹುದು. ಶಾಯಿ ತಪ್ಪು ಮಾಡಿದ್ರ ಇನ್ನೂರು ವರ್ಷದ ಹೆಂಗಸು ಸಾಯ್ತಾಳ."

ಇನ್ನೂರು ವರ್ಷದ ಅಂಥ ಹೆಂಗಸರು ಅವರ ಮನೆಯಲ್ಲಿ ನಲವತ್ತೊಂದು ಮಂದಿ ಇದ್ದರು, ಎಲ್ಲರೂ ಕಾಗದದ ಮೇಲೆ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಮಾಡಿ, ಒದ್ದೆ ಕಾಗದದ ಮೇಲೆ ಒತ್ತಿ ತೆಗೆದ ಜಪಾನಿನ ಹಳೆಯ ಚಿತ್ರಗಳು. ಚಿತ್ರದಲ್ಲಿರುವವರು ಆ ಕಾಲದ ಹೆಸರಾಂತ ಗಣಿಕೆಯರು. ಅವರು ಉಟ್ಟ ಬಟ್ಟೆ, ಕಟ್ಟಿದ ಮುಡಿ, ತುಟಿಯ ಬಣ್ಣ ನೋಡಲೆಂದೇ ಊರಿನ ಹೆಂಗಸರು ಆ ಚಿತ್ರಗಳನ್ನು ಕೊಳ್ಳುತ್ತಿದ್ದರಂತೆ. ಇದೆಲ್ಲ ಅಕ್ಕೋರು ಹೇಳಿದ್ದು. ನಾನು ಪಿಯುಸಿಯವರೆಗೆ ಓದಿದವಳು, ಅಮೆರಿಕದ ಡಬ್ಲಿನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೀರೆಗೆ ಫಾಲ್ ಹಚ್ಚಿ, ಬ್ಲೌಸ್ ಹೊಲಿದು ಕೊಡುವವಳು. ಇಲ್ಲಿಯ ಕನ್ನಡದ ಮಕ್ಕಳೆಲ್ಲ ನನ್ನನ್ನು ಬ್ಲೌಸ್ ಆಂಟಿ ಅನ್ನುತ್ತಾರೆ.

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಆಮೇಲಿನ ಗುರುವಾರಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕೈ ತಾನಾಗಿ ಮಿಷನ್ನಿನ ಮೇಲಿಂದ ಏಳುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಊರಿನ ಕಡೆ, ಗದಗದ ಸುತ್ತಮುತ್ತ, ಶಾಲೆಯ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರಂತೆ. ಭಾನುವಾರ ಲೈಬ್ರರಿಯ ಒಂದು ಕೋಣೆಯಲ್ಲಿ ಅವರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮೊದಲ ದಿನವೇ ಬೋರ್ಡಿನ ಮೇಲೆ 'ಅಕ್ಕೋರು' ಎಂದು ಎಡಗೈಯಲ್ಲಿ ದಪ್ಪಗೆ ಬರೆದು, "ಮಿಸ್ ಅಂದ್ರ ನಾ ಓ ಅನ್ನಂಗಿಲ್ಲ" ಎಂದರು. ಮಕ್ಕಳು ಕರೆದರು, ಅಪ್ಪಂದಿರು ಕರೆದರು, ಕೊನೆಗೆ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ.

ಆದರೆ ಅವರು ಕೆಲಸದಲ್ಲಿ ಟೀಚರ್ ಆಗಿರಲಿಲ್ಲ. ನಗರದ ಒಂದು ಮ್ಯೂಸಿಯಮ್ಮಿನಲ್ಲಿ ಹರಿದ ಹಳೆಯ ಕಾಗದಗಳನ್ನು ರಿಪೇರಿ ಮಾಡುತ್ತಿದ್ದು, ರಿಟೈರ್ ಆಗಿದ್ದರು. ಒಂದೊಂದು ಚಿತ್ರಕ್ಕೂ ಒಂದು ಕಾರ್ಡು ಬರೆಯುವುದು ಆ ಕೆಲಸದ ಪದ್ಧತಿ. ಎಲ್ಲಿ ಹುಳ ತಿಂದಿದೆ, ಎಲ್ಲಿ ಮಡಿಕೆ ಬಿದ್ದಿದೆ, ಯಾರ ಕೈಯಿಂದ ಯಾವ ಗಾಯ ಆಯಿತು, ಎಲ್ಲವನ್ನೂ ಬರೆದು, ಕೆಳಗೆ ನೋಡಿದವರ ಹೆಸರು ಮತ್ತು ಅವರ ಕೆಲಸ. ಮಕ್ಕಳ ಹೋಮ್‌ವರ್ಕನ್ನೂ ಅಕ್ಕೋರು ಹಾಗೇ ನೋಡುತ್ತಿದ್ದರು. ನನ್ನ ಮಗಳ ಪುಸ್ತಕದಲ್ಲಿ ಒಮ್ಮೆ ಹೀಗೆ ಬರೆದಿದ್ದರು: "ಅಂಚು ಹರಿದಿದೆ. ಒತ್ತಕ್ಷರ ಸವೆದಿವೆ. ಒಳಗಿನ ಮಾಲು ಗಟ್ಟಿ ಇದೆ."

ಮ್ಯೂಸಿಯಮ್ಮಿನಲ್ಲಿ ಒಂದು ಸಲ ಪೈಪು ಸೋರಿ ಒಂದು ಚಿತ್ರದ ಮೂಲೆಗೆ ನೀರಿನ ಕಲೆ ಆಯಿತಂತೆ. ಮೇಲಿನವರು, ಕಲೆ ಹಳೆಯದು ಎಂದು ಕಾರ್ಡಿನಲ್ಲಿ ಬರೆದುಬಿಡಿ ಎಂದರಂತೆ. ಇವರು ಒಪ್ಪಲಿಲ್ಲ. ಆರು ತಿಂಗಳು ಅವರನ್ನು ಬರೀ ಡಬ್ಬ ಒರೆಸುವ ಕೆಲಸಕ್ಕೆ ಹಾಕಿದರು. ಇದನ್ನು ಹೇಳುವಾಗ ಅಕ್ಕೋರಿಗೆ ಕೋಪವೇ ಇರಲಿಲ್ಲ.

"ಹಾಳಿಗೆ ಬಾಯಿಲ್ಲ ತಂಗಿ. ಅದರ ಪರವಾಗಿ ನಾ ಮಾತಾಡಬೇಕು. ನಾನೂ ಸುಳ್ಳು ಹೇಳಿದ್ರ ಅದು ಯಾರಿಗೆ ಹೇಳಬೇಕು?"

ಅವರ ಮನೆ ಸ್ಯಾನ್ ರಮೋನಿನಲ್ಲಿ. ನನಗೆ ಫ್ರೀವೇ ಅಂದರೆ ಈಗಲೂ ಎದೆ ನಡುಗುತ್ತದೆ, ಒಳರಸ್ತೆಯಲ್ಲೇ ಹೋಗುತ್ತಿದ್ದೆ. ಮನೆಯಲ್ಲಿ ಎಲ್ಲ ಕಿಟಕಿಗೂ ಎರಡೆರಡು ಪರದೆ, ಬೆಳಕಿಗೆ ಚಿತ್ರಗಳ ಬಣ್ಣ ಮಾಸುತ್ತದೆಂದು. ಬಾಗಿಲ ಪಕ್ಕದಲ್ಲಿ ಕೋಟು ನೇತುಹಾಕುವ ಕ್ಲಾಸೆಟ್ಟೇ ದೇವರ ಕೋಣೆ. ಇಲ್ಲಿ ಬಹಳ ಮನೆಗಳಲ್ಲಿ ಹಾಗೇ. ಆದರೆ ಅಕ್ಕೋರ ಕ್ಲಾಸೆಟ್ಟಿನಲ್ಲಿ ಮೇಲಿನ ಹಲಗೆಯ ಮೇಲೆ ದೇವರು, ಕೆಳಗೆ ಚಿತ್ರಗಳ ಚಪ್ಪಟೆ ಡಬ್ಬಗಳು. ಇಡೀ ಮನೆಯಲ್ಲಿ ಬಿಸಿಲು ತಾಗದ ಜಾಗ ಅದೊಂದೇ. ದೀಪವೂ ಎಣ್ಣೆಯದಲ್ಲ, ಪ್ಲಗ್ಗಿಗೆ ಹಾಕುವ ಸಣ್ಣ ಬಲ್ಬು. "ನಮ್ಮ ದೇವರಿಗೆ ಕತ್ತಲಿ ರೂಢಿ ಆಗೇತಿ," ಅನ್ನುತ್ತಿದ್ದರು.

ನಾನು ತಪ್ಪು ಮಾಡಿದ್ದು ಆ ಕ್ಲಾಸೆಟ್ಟಿನಲ್ಲೇ. ಎಂಟು ವರ್ಷದ ಹಿಂದೆ.

ಆಗ ಅವರ ಪರಿಚಯ ಭಾನುವಾರದ ಕ್ಲಾಸಿನಷ್ಟೇ. ಚಿತ್ರಗಳ ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಕೋರಿಗೆ ಒಂದು ಕಣ್ಣಿನ ಪೊರೆಯ ಆಪರೇಷನ್ ಆಗಿ, ಮೂರು ದಿನ ಸ್ಯಾನ್ ಹೊಸೆಯಲ್ಲಿ ಮಗಳ ಮನೆಯಲ್ಲಿ ಇರಬೇಕಾಯಿತು. ನನ್ನ ಕೈಗೆ ಬೀಗದ ಕೈ ಕೊಟ್ಟು, "ದಿನಾ ಒಂದು ಹೂವ ಇಟ್ಟು ಬಲ್ಬ್ ಹಾಕಿ ಬಾ" ಎಂದಿದ್ದರು.

ಕ್ಲಾಸೆಟ್ಟು ತೆರೆದರೆ ದೇವರ ಹಿಂದೆ ಒಂದು ಚಿತ್ರ ನಿಲ್ಲಿಸಿತ್ತು. ಗಾಜಿಲ್ಲ, ಸುತ್ತ ಬರೀ ದಪ್ಪ ಬಿಳಿ ರಟ್ಟಿನ ಚೌಕಟ್ಟು. ಒಬ್ಬ ಹೆಂಗಸು. ಮೈಮೇಲೆ ಪದರ ಪದರ ಬಟ್ಟೆ, ತಲೆಯ ಸುತ್ತ ಕಿರಣಗಳ ಹಾಗೆ ಹರಡಿದ ಏನೋ. ಯಾವುದೋ ಅಮ್ಮನವರು ಅಂದುಕೊಂಡೆ. ಹಣೆ ಮಾತ್ರ ಬೋಳು. ನನಗೆ ಸಂಕಟವಾಯಿತು. ಕುಂಕುಮವನ್ನು ನೀರಲ್ಲಿ ಕಲಸಿ, ಉಂಗುರದ ಬೆರಳಲ್ಲಿ ಹಣೆಗೆ ಇಟ್ಟು ಕೈಮುಗಿದೆ. ಮರುದಿನವೂ ಇಟ್ಟೆ. ಮೂರನೆಯ ದಿನ ನನ್ನ ಮಗಳ ಪರೀಕ್ಷೆ ಇತ್ತು, ಅದನ್ನೂ ಬೇಡಿಕೊಂಡು ಇಟ್ಟೆ.

ನಾಲ್ಕನೆಯ ದಿನ ಅಕ್ಕೋರು ಬಂದರು, ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ. ಚೀಲವನ್ನೂ ಇಳಿಸದೆ ನೇರ ಕ್ಲಾಸೆಟ್ಟಿನ ಬಾಗಿಲು ತೆಗೆದರು. ಹಾಗೇ ನಿಂತುಬಿಟ್ಟರು.

"ಇದ್ಯಾರು ಹಚ್ಚಿದ್ದು?"

"ನಾನೇ ಅಕ್ಕೋರೆ. ಬರೀ ಹಣೆ ಇತ್ತಲ್ಲ, ಅದಕ್ಕೆ..."

"ಇಕಿ ಯಾರಂತ ತಿಳ್ಕೊಂಡಿ?"

"ಯಾವುದೋ ಅಮ್ಮನವರು. ಚೀನಾ ಕಡೆಯವರಿರಬೇಕು ಅನ್ಕೊಂಡೆ. ತಲೆ ಸುತ್ತ ಪ್ರಭಾವಳಿ ಇದೆಯಲ್ಲ."

ಅಕ್ಕೋರು ಗೋಡೆ ಹಿಡಿದು ನಕ್ಕರು. ಕಣ್ಣಿಗೆ ಒತ್ತಡ ಬೀಳಬಾರದು ಎಂದು ಡಾಕ್ಟರು ಹೇಳಿದ್ದಾರೆ, ಮುಚ್ಚಳ ಒತ್ತಿ ಹಿಡಿದುಕೊಂಡು ನಗುತ್ತಾರೆ. "ಪ್ರಭಾವಳಿ! ಅಯ್ ಶಿವನೇ! ಅವು ಕೂದಲದ ಪಿನ್ನು! ಎಲ್ಲಾರಿಗಿಂತ ಜಾಸ್ತಿ ಪಿನ್ನು ಚುಚ್ಚಿಕೊಂಡಾಕಿ ಎಲ್ಲಾರಿಗಿಂತ ದೊಡ್ಡಾಕಿ ಅಂತ ಲೆಕ್ಕ. ದೇವರಲ್ಲಬೇ ಇಕಿ. ಜಪಾನದ ಸೂಳಿ."

ನನ್ನ ಕಿವಿ ಬಿಸಿಯಾಯಿತು. ಮೂರು ದಿನ ಕೈಮುಗಿದಿದ್ದೇನೆ, ಮಗಳ ಪರೀಕ್ಷೆಗೆ ಬೇಡಿಕೊಂಡಿದ್ದೇನೆ. "ಥೂ," ಎಂದೆ. "ಇಂಥವಳ ಹಣೆಗಾ ನಾನು ಕುಂಕುಮ ಇಟ್ಟಿದ್ದು!" ಎಂದವಳೇ, ವೇಲಿನ ತುದಿಯನ್ನು ದೇವರ ಪಂಚಪಾತ್ರೆಯ ನೀರಲ್ಲಿ ಅದ್ದಿ, ಆ ಹಣೆಯನ್ನು ಒರೆಸಿದೆ. ಒಂದು ಸಲವಲ್ಲ, ತಿಕ್ಕಿ ತಿಕ್ಕಿ ಮೂರು ಸಲ.

"ಒರಸಬ್ಯಾಡ!"

ಅಕ್ಕೋರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಮಣಿಕಟ್ಟು ಹಿಡಿದಿದ್ದರು. ಅಷ್ಟರಲ್ಲಿ ಆಗಿಹೋಗಿತ್ತು. ಚೊಕ್ಕವಾಗಿದ್ದ ಬೊಟ್ಟು ಹುಬ್ಬಿನವರೆಗೆ ಕದಡಿತ್ತು. ಕಾಗದ ನಾರುನಾರಾಗಿ ಎದ್ದಿತ್ತು. ಹಣೆಯ ಮೇಲೆ ಮುಡಿ ಶುರುವಾಗುವಲ್ಲಿ ಕೂದಲಿಗಿಂತ ಸಣ್ಣ ಗೆರೆಗಳಿದ್ದವು, ಅವುಗಳಲ್ಲಿ ಅರ್ಧ ಹೋಗಿದ್ದವು.

ಅವರು ನನ್ನ ಮಣಿಕಟ್ಟು ಬಿಟ್ಟರು. ಆಮೇಲೆ, "ಹೋಗು, ಚಹಾ ಇಡು," ಎಂದರು. ಚಹಾ ಕುಡಿಯುವಾಗ ಮೆತ್ತಗೆ ಹೇಳಿದರು: "ಆಪರೇಷನ್ ಆದ ಕಣ್ಣಿಲೆ ಮೊದಲ ಅಕಿನ್ನ ನೋಡಬೇಕಂತ ಇಟ್ಟು ಹೋಗಿದ್ದೆ."

ನಾನು ಕುಂಕುಮ ಇಟ್ಟದ್ದಕ್ಕೆ ತಪ್ಪಾಯಿತು ಎಂದೆ. ಹತ್ತು ಸಲ ಎಂದೆ. ಒರೆಸಿದ್ದಕ್ಕೆ ಒಂದು ಸಲವೂ ಹೇಳಲಿಲ್ಲ. ಒರೆಸಿದ್ದು ತಪ್ಪು ಎಂದು ಆಗ ನನಗೆ ಅನ್ನಿಸಿರಲೇ ಇಲ್ಲ. ಹೊಲಸನ್ನು ಒರೆಸಿದೆ ಎಂದುಕೊಂಡಿದ್ದೆ.

ಇನ್ನು ಆ ಮನೆಗೆ ಕರೆಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಮುಂದಿನ ವಾರವೇ ಫೋನ್ ಬಂತು. "ಗುರುವಾರ ಮೂರಕ್ಕ ಬಾ. ಒಂದು ಬಟ್ಟಿ ನೋಡೋದೈತಿ." ಬ್ಲೌಸ್ ಪೀಸು ಇರಬೇಕೆಂದು ಟೇಪು ಹಿಡಿದುಕೊಂಡು ಹೋದೆ. ಕೈ ಎರಡೆರಡು ಸಲ ತೊಳೆಸಿದರು, ಬಳೆ ಬಿಚ್ಚಿಸಿದರು, ವೇಲನ್ನು ಬಾಗಿಲ ಹಿಂದೆ ನೇತುಹಾಕಿಸಿದರು. ಆ ವೇಲನ್ನು ಅವರು ನೋಡಿದ ನೋಟಕ್ಕೆ ನಾನೂ ನಕ್ಕುಬಿಟ್ಟೆ. ಆಮೇಲೆ ಮೇಜಿನ ಮೇಲೆ ಬೇರೊಂದು ಚಿತ್ರ ಇಟ್ಟರು. ಒಬ್ಬ ಹೆಂಗಸು, ಅವಳ ಹಿಂದೆ ಒಂದೇ ಥರ ಬಟ್ಟೆಯ ಇಬ್ಬರು ಪುಟ್ಟ ಹುಡುಗಿಯರು.

"ನಮ್ಮ ಮ್ಯೂಸಿಯಮ್ಮಿನ್ಯಾಗ ಕಾಗದ ಗೊತ್ತಿದ್ದವ್ರು ಇದ್ರು, ಇತಿಹಾಸ ಗೊತ್ತಿದ್ದವ್ರು ಇದ್ರು. ಹೊಲಿಗಿ ಗೊತ್ತಿದ್ದವ್ರು ಒಬ್ರೂ ಇರ್ಲಿಲ್ಲ. ಈ ಬಟ್ಟಿ ಹೆಂಗ ನಿಂತೈತಿ, ನೀ ಹೇಳು."

"ನನಗೇನು ಗೊತ್ತು ಅಕ್ಕೋರೆ? ನಾನು ಬ್ಲೌಸ್ ಹೊಲಿಯೋಳು."

"ಬ್ಲೌಸ್ ಆಂಟಿ ಅಂತ ಹುಡುಗ್ರು ಅಂತಾವ. ನೀ ದರ್ಜಿ. ನೋಡು."

ನೋಡಿದೆ. ನೋಡುತ್ತಾ ನೋಡುತ್ತಾ ಅವಳ ಮೈಮೇಲಿನ ಬಟ್ಟೆ ನನ್ನ ಕೈಗೆ ಸಿಗತೊಡಗಿತು. ಕೊರಳಲ್ಲಿ ಐದು ಅಂಚು, ಅಂದರೆ ಐದು ಅಂಗಿ. ಬೇರೆಯವರು ಬೆನ್ನಿಗೆ ಕಟ್ಟುವ ನಡುಪಟ್ಟಿಯನ್ನು ಇವಳು ಹೊಟ್ಟೆಯ ಮುಂದೆ ಕಟ್ಟಿದ್ದಾಳೆ, ತಲೆದಿಂಬಿನಷ್ಟು ದಪ್ಪ. ನೆಲದ ಹತ್ತಿರ ಬಟ್ಟೆಯ ಅಂಚು ಮಡಚಿಕೊಳ್ಳದೆ ಉಬ್ಬಿ ನಿಂತಿದೆ.

"ಕೆಳಗಡೆ ಅಂಚಿಗೆ ಹತ್ತಿ ತುಂಬಿ ಹೊಲಿದಿದ್ದಾರೆ," ಎಂದೆ. "ಇಲ್ಲದಿದ್ರೆ ಹೀಗೆ ಹರಡಿಕೊಳ್ಳಲ್ಲ. ಇದನ್ನ ಹಾಕ್ಕೊಂಡು ಬೇಗ ನಡೆಯೋಕಾಗಲ್ಲ. ಪಾಪ, ಹೆಗಲು ನೋಯುತ್ತೆ."

ಅಕ್ಕೋರು ಎಡಗೈಯಲ್ಲಿ ಪೆನ್ಸಿಲ್ಲು ಹಿಡಿದು ಆ ಚಿತ್ರದ ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದರು. "ಹತ್ತಿ ತುಂಬೋದು ಪುಸ್ತಕದಾಗ ಐತಿ," ಎಂದರು. "ಹೆಗಲು ನೋಯ್ತದ ಅನ್ನೋದು ಯಾವ ಪುಸ್ತಕದಾಗೂ ಇಲ್ಲ."

ನನ್ನ ಜೀವನದಲ್ಲಿ ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಹಾಗೆ ಶುರುವಾದ ಗುರುವಾರಗಳು ಎಂಟು ವರ್ಷ ನಡೆದವು. ಒಂದು ಚಿತ್ರಕ್ಕೆ ಅರ್ಧ ಗಂಟೆ, ಅದಕ್ಕಿಂತ ಹೆಚ್ಚು ಬೆಳಕಿಲ್ಲ. ಅಡಿಗೆ ಮನೆಯ ಟೈಮರ್ ಕಿರ್ ಅಂದರೆ ಆ ಹೆಂಗಸು ಡಬ್ಬಕ್ಕೆ. "ನಡಿಯವ್ವಾ, ನಿನ್ನ ಪಾಳಿ ಮುಗೀತು," ಎಂದು ಅವಳಿಗೆ ಹೇಳಿಯೇ ಮುಚ್ಚಳ ಹಾಕುತ್ತಿದ್ದರು. ಆಮೇಲೆ ಅಡಿಗೆ ಮನೆಯಲ್ಲಿ ಚಹಾ, ಜೊತೆಗೆ ಅವರೇ ಹಚ್ಚಿದ ಅವಲಕ್ಕಿ. ಚಿತ್ರದ ಮೇಜಿನ ಹತ್ತಿರ ಲೋಟ ತಂದರೆ ಕೈ ಕಡಿಯುತ್ತೇನೆ ಅನ್ನುತ್ತಿದ್ದರು.

ಬಿಳಿ ಬಟ್ಟೆಯನ್ನು ನೋಡುವುದನ್ನು ಅವರೇ ನನಗೆ ಕಲಿಸಿದರು. ಎದುರಿನಿಂದ ನೋಡಿದರೆ ಬರೀ ಬಿಳಿ ಕಾಗದ. ಪರದೆಯನ್ನು ಬೆರಳಷ್ಟು ಸರಿಸಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿ, ತಲೆ ಬಗ್ಗಿಸಿ ನೋಡಿದರೆ ಅಲ್ಲಿ ನೇಯ್ಗೆಯೇ ಏಳುತ್ತದೆ, ಹೂವು, ಅಲೆ. ಬಣ್ಣ ಹಾಕದ ಹಲಗೆಯನ್ನು ಒತ್ತಿ ಮಾಡಿದ ಉಬ್ಬು. ಇಷ್ಟು ಕಷ್ಟಪಟ್ಟು ಯಾರಿಗೂ ಕಾಣದ ಹಾಗೆ ಯಾಕೆ ಮಾಡಬೇಕಿತ್ತು ಎಂದು ಕೇಳಿದೆ. "ಕೈಯಾಗ ಹಿಡದು ನೋಡಾವ್ರಿಗೆ ಕಾಣ್ತದಲ್ಲ," ಎಂದರು.

ಕೆಂಪು ಬಣ್ಣದ ವಿಷಯ ಬಂದರೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ಆ ಒಳಂಗಿಯ ಕೆಂಪು, ತುಟಿಯ ಕೆಂಪು, ಎಲ್ಲ ಕುಸುಬೆ ಹೂವಿನದಂತೆ.

"ಕುಸುಬಿ ಗೊತ್ತಿಲ್ಲೇನು ಮೈಸೂರಾಕಿ? ನಮ್ಮ ಎರಿ ಹೊಲದಾಗ ಜ್ವಾಳದ ಜೋಡಿ ಬಿತ್ತತಾರ. ಮುಳ್ಳಿನ ಗಿಡ. ನಾವು ಬೀಜ ಗಾಣಕ್ಕ ಹಾಕಿ ಎಣ್ಣಿ ತಗದ್ವಿ, ಇವ್ರು ಹೂವ ತೊಳದು ಬಣ್ಣ ತಗದ್ರು. ನಮ್ಮದು ಬದನಿಕಾಯಿ ಪಲ್ಯಾ ಆತು, ಇವ್ರದ್ದು ತುಟಿ ಆತು."

ಶ್ರೀಮಂತ ಗಣಿಕೆಯರು ಆ ಕೆಂಪನ್ನು ಕೆಳದುಟಿಗೆ ಎಷ್ಟು ದಪ್ಪ ಹಚ್ಚುತ್ತಿದ್ದರೆಂದರೆ ಅದು ಜೀರುಂಡೆಯ ರೆಕ್ಕೆಯ ಹಾಗೆ ಹಸಿರಾಗಿ ಹೊಳೆಯುತ್ತಿತ್ತಂತೆ. ಅಷ್ಟು ಬಣ್ಣ ಕೊಳ್ಳಲಾಗದ ಊರಿನ ಹುಡುಗಿಯರು ತುಟಿಗೆ ಮೊದಲು ಮಸಿ ಹಚ್ಚಿ, ಮೇಲೆ ಒಂಚೂರು ಕೆಂಪು ಸವರಿ, ಅದೇ ಹಸಿರು ತರಿಸುತ್ತಿದ್ದರು. "ನೋಡು ಮತ್ತ," ಅನ್ನುತ್ತಿದ್ದರು ಅಕ್ಕೋರು. "ಅಕಿ ಹಂಗ ಕಾಣಬೇಕು, ಆದ್ರ ಅಕಿ ಮನಿಯೊಳಗ ಬರಬಾರದು." ಹೇಳುವಾಗ ನಗು ಇರುತ್ತಿತ್ತು. ನಗು ಮುಗಿದ ಮೇಲೆ ಮುಖ ಸ್ವಲ್ಪ ಹೊತ್ತು ಬಾಡಿರುತ್ತಿತ್ತು. ನಾನು ಕಾರಣ ಕೇಳಲಿಲ್ಲ.

ನಾನು ಹಣೆ ಒರೆಸಿದ ಆ ಚಿತ್ರವನ್ನು ಎಂಟು ವರ್ಷದಲ್ಲಿ ಅವರು ಒಮ್ಮೆಯೂ ಮೇಜಿನ ಮೇಲೆ ತರಲಿಲ್ಲ. ಕುಂಕುಮದ ಕಥೆಯನ್ನು ಮಾತ್ರ ಎಲ್ಲರಿಗೂ ಹೇಳುತ್ತಿದ್ದರು. ಯುಗಾದಿಯ ಊಟದಲ್ಲಿ, ಕ್ಲಾಸಿನ ಅಪ್ಪ ಅಮ್ಮಂದಿರ ಎದುರು, "ನಮ್ಮ ಮೈಸೂರಾಕಿ ಜಪಾನದಾಕಿಗೆ ಕುಂಕುಮ ಇಟ್ಟು ಮಗಳ್ನ ಪಾಸ್ ಮಾಡ್ಸಿದ್ಲು" ಎಂದು ಶುರುಮಾಡುತ್ತಿದ್ದರು. ಕಥೆ ಪ್ರತಿ ಸಲವೂ ಕೂದಲ ಪಿನ್ನಿಗೆ ಬಂದು ನಿಲ್ಲುತ್ತಿತ್ತು. ವೇಲಿನ ತುದಿಯವರೆಗೆ ಬರುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ಕಡೆಯ ಗುರುವಾರ ಮೇಜಿನ ಮೇಲೆ ಜಪಾನಿನ ಚಿತ್ರ ಇರಲಿಲ್ಲ. ಅಂಗೈಯಗಲದ ಒಂದು ಹಳೆಯ ಫೋಟೋ ಇತ್ತು. ಏಳೆಂಟು ವರ್ಷದ ಒಬ್ಬ ಹುಡುಗಿ. ಅವಳ ಪಕ್ಕ ಯಾರೋ ನಿಂತಿದ್ದರು, ಅವರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಉಳಿದದ್ದು ಹುಡುಗಿಯ ಹೆಗಲ ಮೇಲೊಂದು ಕೈ, ಬಳೆಗಳು, ಕೆಳಗೆ ಸೀರೆಯ ಒಂದಿಷ್ಟು ನೆರಿಗೆ.

"ಇಕಿ ನಮ್ಮವ್ವ," ಎಂದರು. "ಕೈ ನಮ್ಮಜ್ಜೀದು, ನಮ್ಮವ್ವನ ಅವ್ವ. ಪಾತರದಾಕಿ. ಹಾಡ್ತಿದ್ಲು, ಕುಣೀತಿದ್ಲು, ದೊಡ್ಡವರೊಬ್ಬರು ಇಟ್ಕೊಂಡಿದ್ರು. ಅಕಿ ಒಂದು ಹೊಸಾ ಸೀರಿ ಉಟ್ಟು ಹೊರಗ ಬಂದ್ಲಂದ್ರ, ಗೌಡರ ಮನಿ ಹೆಣ್ಮಕ್ಳು ಆಳಿನ್ನ ಕಳಿಸಿ ಅಂಚು ನೋಡ್ಕೊಂಡು ಬರಾಕ ಹೇಳ್ತಿದ್ರಂತ. ಮದಿವ್ಯಾಗ ತಾಳಿ ಪೋಣಸಾಕ ಅಕೀನ ಬೇಕು. ಅಕಿ ಎಂದೂ ಮುತ್ತೈದಿ ಅಂತ. ಪೋಣಿಸಿದ ಮ್ಯಾಲ ಊಟ ಎಲ್ಲಿ? ಹಿತ್ತಲದಾಗ."

ನಾನು ಫೋಟೋ ನೋಡುತ್ತಿದ್ದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

"ನಮ್ಮವ್ವಗ ಸಾಲಿ ಕಲಿಸಿದ್ಲು, ಹುಬ್ಬಳ್ಳಿಗೆ ಕಳಿಸಿದ್ಲು. ನಮ್ಮವ್ವ ಟೀಚರ್ ಆದ್ಲು, ಮದಿವಿ ಆದ್ಲು, ಒಂದಿನ ಕತ್ತರಿ ತಗೊಂಡು ಅಕಿನ್ನ ತಗದ್ಲು. ಕೈ ಯಾಕ ಬಿಟ್ಲೋ ಗೊತ್ತಿಲ್ಲ. ಅದನ್ನ ಕತ್ತರಿಸಿದ್ರ ತನ್ನ ಹೆಗಲೂ ಹೋಗ್ತಿತ್ತಲ್ಲ." ಫೋಟೋವನ್ನು ನನ್ನ ಕಡೆ ಸರಿಸಿ ಅಂದರು: "ನಾ ಅಕಿನ್ನ ನೋಡಿಲ್ಲ. ನೀ ನೋಡಿ ಹೇಳು. ಎಷ್ಟು ಉಳದೈತಿ ಅಷ್ಟರಾಗ."

ಭೂತಗನ್ನಡಿ ಹಿಡಿದುಕೊಂಡು ಕೂತೆ. ಟೈಮರ್ ಇಟ್ಟಿರಲಿಲ್ಲ. ಕೈ ಸಣಕಲು, ಆದರೆ ಹಿಡಿತ ಗಟ್ಟಿ. ಮಗುವಿನ ಹೆಗಲ ಬಟ್ಟೆ ಬೆರಳ ಕೆಳಗೆ ಮುದುಡಿದೆ. ಆಮೇಲೆ ನೆರಿಗೆ ನೋಡಿದೆ. ಏನೋ ತಿರುವುಮುರುವಾಗಿದೆ ಅನ್ನಿಸಿತು. ಎದ್ದು ನಿಂತು, ಮೇಜಿನ ಬಟ್ಟೆಯ ಅಂಚನ್ನೇ ಸೊಂಟಕ್ಕೆ ಹಿಡಿದು ನೆರಿಗೆ ಮಾಡಿ ನೋಡಿದೆ. ನಾವು ಬಲಗೈಯವರು ಹಿಡಿದರೆ ನೆರಿಗೆಯ ಬಾಯಿ ಎಡಕ್ಕೆ ತಿರುಗುತ್ತದೆ. ಫೋಟೋದಲ್ಲಿ ಬಲಕ್ಕೆ ತಿರುಗಿತ್ತು.

"ಇವರು ಎಡಚರು ಅಕ್ಕೋರೆ," ಎಂದೆ.

ಅಕ್ಕೋರು ತಮ್ಮ ಎಡಗೈಯನ್ನು ನೋಡಿಕೊಂಡರು. ಅದರಲ್ಲಿ ಪೆನ್ಸಿಲ್ಲು ಇತ್ತು. ಅದನ್ನು ಮೇಜಿನ ಮೇಲೆ ಇಟ್ಟು, ಕೈಯನ್ನು ಒಮ್ಮೆ ಮಗುಚಿ, ಮತ್ತೆ ನೋಡಿದರು.

"ಸಾಲ್ಯಾಗ ಈ ಕೈಗೆ ಎಷ್ಟು ಏಟು ಬಿದ್ದಾವ ಗೊತ್ತೇನು," ಎಂದರು. "ನಮ್ಮವ್ವ ಮಾತ್ರ ಒಂದು ದಿನಾನೂ ಈ ರೂಢಿ ಬಿಡಿಸಾಕ ಬರಲಿಲ್ಲ, ಎಡಗೈ ಬ್ಯಾಡ ಅಂತಲೂ ಅನ್ನಲಿಲ್ಲ. ನಾ ಬರಿಯೋದನ್ನ ಸುಮ್ಮನ ನೋಡ್ತಿದ್ಲು."

ಆಗ ನನಗೆ ಆ ಹಣೆ ನೆನಪಾಯಿತು. ಆಪರೇಷನ್ ಆದ ಕಣ್ಣಿನಿಂದ ಮೊದಲು ನೋಡಬೇಕೆಂದು ದೇವರ ಹಿಂದೆ ಇಟ್ಟಿದ್ದ ಆ ಹೆಂಗಸು ಅವರಿಗೆ ಯಾರಾಗಿದ್ದಳು ಎಂದು ಅರ್ಥವಾಯಿತು. ಮೂರು ದಿನ ಆ ಹಣೆಗೆ ಒಬ್ಬ ಗೃಹಿಣಿ ತಾನಾಗಿ ಕುಂಕುಮ ಇಟ್ಟಿದ್ದಳು. ಬಾಗಿಲು ತೆರೆದು ಅದನ್ನು ಕಂಡಾಗ ಅವರು ಯಾಕೆ ಹಾಗೇ ನಿಂತುಬಿಟ್ಟರೆಂದು ಅರ್ಥವಾಯಿತು. ಮತ್ತು ನಾನು 'ಥೂ' ಎಂದದ್ದು, ಮೂರು ಸಲ ತಿಕ್ಕಿದ್ದು.

ಹೇಳಬೇಕು ಎಂದು ಬಾಯಿ ತೆರೆದೆ. ಅಕ್ಕೋರು ಫೋಟೋವನ್ನು ಲಕೋಟೆಗೆ ಹಾಕುತ್ತಾ, "ಅವಲಕ್ಕಿ ಹಚ್ಚೀನಿ, ಬಾ," ಎಂದರು. ಅಷ್ಟು ಸಂತೋಷವಾಗಿದ್ದರು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ವಾರ ಸ್ಯಾನ್ ಹೊಸೆಯ ಒಂದು ಮದುವೆಯ ಬ್ಲೌಸುಗಳಿದ್ದವು. ಬರಲಾಗುವುದಿಲ್ಲ ಎಂದು ಫೋನ್ ಮಾಡಿದೆ. "ಆತು ಬಿಡು," ಎಂದರು. "ಇವ್ರೆಲ್ಲಾ ಇನ್ನೂರು ವರ್ಷ ಕಾದಾರ. ಒಂದು ವಾರ ಕಾಯಂಗಿಲ್ಲೇನು?" ಶನಿವಾರ ಬೆಳಗ್ಗೆ ಅವರ ಮಗಳ ಫೋನ್ ಬಂತು. ಅಕ್ಕೋರು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು.

ಎಲ್ಲ ಮುಗಿದ ಮೇಲೆ ಆ ಮಗಳು ನನ್ನನ್ನು ಕರೆದಳು. ಚಿತ್ರಗಳನ್ನು ಅಮ್ಮ ಮ್ಯೂಸಿಯಮ್ಮಿಗೇ ಕೊಡಬೇಕೆಂದಿದ್ದರಂತೆ, ಸೋಮವಾರ ಅಲ್ಲಿಯವರು ಬರುತ್ತಾರೆ, ಕಾರ್ಡಿಗೂ ಚಿತ್ರಕ್ಕೂ ತಾಳೆ ನೋಡಲು ನೀವು ಬೇಕು ಎಂದಳು. ಹೋದರೆ ಮನೆಯ ಎಲ್ಲ ಪರದೆಗಳೂ ಸರಿದಿದ್ದವು. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಓಡಿ ಒಂದೊಂದಾಗಿ ಎಳೆದೆ.

"ಸಾರಿ ಆಂಟಿ, ಸಾರಿ," ಎಂದು ಅವಳೂ ಓಡಿಬಂದು ಎಳೆದಳು. "ಹೌಸ್ ನೋಡೋಕೆ ಜನ ಬರ್ತಾರೆ ಅಂತ ಓಪನ್ ಮಾಡಿದ್ದೆ. ಅಮ್ಮ ನನ್ನ ಕಿಲ್ ಮಾಡ್ತಿದ್ಲು." ಹೇಳಿದ ಮೇಲೆ ಅತ್ತಳು.

ಅವಳು ಇಂಗ್ಲಿಷಿನ ಕಾರ್ಡನ್ನು ನನಗಾಗಿ ಕನ್ನಡ ಮಾಡಿ ಓದುತ್ತಿದ್ದಳು, ನಾನು ಚಿತ್ರ ಕೊಡುತ್ತಿದ್ದೆ. ಕೆಲವು ಕಾರ್ಡುಗಳ ಕೊನೆಗೆ ನನ್ನ ಮಾತುಗಳೂ ಇದ್ದವು. 'ಹೆಗಲು ನೋಯುತ್ತದೆ ಎಂದು ದರ್ಜಿಯ ಅಭಿಪ್ರಾಯ.' ನಲವತ್ತು ಆಯಿತು. ಕಡೆಯದು ಅವಳೇ, ಪಿನ್ನುಗಳ ಪ್ರಭಾವಳಿಯವಳು. ಎಂಟು ವರ್ಷದ ಮೇಲೆ ಆ ಹಣೆಯನ್ನು ನೋಡಿದೆ. ಹುಬ್ಬಿನವರೆಗೆ ಕದಡಿದ ಕೆಂಪು ಹಾಗೇ ಇತ್ತು.

ಅವಳು ಓದಿದಳು: "ಹಣೆ ಮೇಲೆ ಕುಂಕುಮ. ಫ್ರೆಂಡ್ ಒಬ್ಬಳು ರೆಸ್ಪೆಕ್ಟಿಂದ ಇಟ್ಟಿದ್ದು. ತೆಗೀಬಾರದು. ಉಜ್ಜಿರೋ ಗಾಯ..." ಅವಳು ನಿಂತಳು. "ಉಜ್ಜಿರೋ ಗಾಯ ನನ್ನ ಕೇರ್‌ಲೆಸ್‌ನೆಸ್. ಕಣ್ಣಿನ ಸರ್ಜರಿ ಆದ್ಮೇಲೆ ಸರಿಯಾಗಿ ಕಾಣದೆ, ಒದ್ದೆ ಬಟ್ಟೇಲಿ ನಾನೇ ಒರೆಸಿದ್ದು."

ಅವಳು ಕಾರ್ಡನ್ನು ತಿರುಗಿಸಿ ನೋಡಿದಳು.

"ಅಮ್ಮನಾ? ಒದ್ದೆ ಬಟ್ಟೇಲಿ?" ಎಂದಳು. "ನೋ ವೇ ಆಂಟಿ. ನಾನು ಫೋರ್ತ್ ಗ್ರೇಡಲ್ಲಿ ಇದರ ಹತ್ರ ಸೀನಿದ್ದಕ್ಕೆ ಎರಡು ದಿನ ಮಾತಾಡಿಲ್ಲ ಅವಳು. ಮ್ಯೂಸಿಯಮ್ಮಲ್ಲಿ ಅವಳ ಹಳೇ ಕಲೀಗ್ಸ್ ಇದನ್ನ ಓದ್ತಾರೆ. ಏನಂದ್ಕೋತಾರೆ?"

ಆರು ತಿಂಗಳು ಡಬ್ಬ ಒರೆಸಿದರೂ ಸುಳ್ಳು ಬರೆಯದವರು ಅಕ್ಕೋರು.

"ಅದು ನಿಜ ಅಲ್ಲ ಪುಟ್ಟಿ," ಎಂದೆ. ನಡೆದದ್ದನ್ನು ಎಲ್ಲ ಹೇಳಿದೆ. ಥೂ ಎಂದದ್ದನ್ನೂ ಹೇಳಿದೆ. ಅಕ್ಕೋರ ಅಜ್ಜಿಯ ವಿಷಯ ಅವಳಿಗೆ ಗೊತ್ತಿತ್ತು. ಅವಳು ಬಗ್ಗಿ ಆ ಹಣೆಯನ್ನು ನೋಡಿದಳು.

"ಇಟ್ಸ್ ಓಕೆ ಆಂಟಿ. ಅಮ್ಮ ಹೀಗೆ ಬರೆದಿದ್ದಾಳೆ ಅಂದ್ರೆ ಹೀಗೇ ಇರಲಿ ಅಂತ ತಾನೇ?"

ಇರಲಿ ಅಂದುಬಿಡಬಹುದಿತ್ತು. ಸೋಮವಾರ ಡಬ್ಬ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಹೋದ ಮೇಲೂ ನನ್ನ ಕೈಯ ಕೊಳೆ ಅವರ ಹೆಸರಿನ ಮೇಲೆ ಕೂತಿರುತ್ತಿತ್ತು. ಕೇಳಿಸಿಕೊಳ್ಳಲು ಅವರಿಲ್ಲ. ಹೇಳಬೇಕಾದದ್ದನ್ನು ಹೇಳಲು ಈ ಕಾರ್ಡೊಂದೇ ಉಳಿದಿತ್ತು.

"ಹಾಳೆಗೆ ಬಾಯಿಲ್ಲ," ಎಂದೆ. "ನಾನು ಬರೀತೀನಿ. ಕೊಡು."

ಅವಳು ಪರ್ಸಿನಿಂದ ಪೆನ್ನು ತೆಗೆದಳು.

"ಪೆನ್ನಲ್ಲ!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಅವಳು ಕಣ್ಣೊರೆಸಿಕೊಂಡು ನಗುತ್ತಾ, ಹೋಗಿ ಅಡಿಗೆ ಮನೆಯ ಡ್ರಾಯರಿನಿಂದ ಒಂದು ಗಿಡ್ಡ ಪೆನ್ಸಿಲ್ಲು ತಂದಳು.

ಅಕ್ಕೋರು ಬರೆದದ್ದರ ಮೇಲೆ ಗೀಟು ಹಾಕಲಿಲ್ಲ. ಅದರ ಕೆಳಗೆ, ನನಗೆ ಬರುವ ಕನ್ನಡದಲ್ಲಿ ಬರೆದೆ: 'ಕುಂಕುಮ ಇಟ್ಟವಳು ನಾನು. ಒರೆಸಿದವಳೂ ನಾನು. ಇಟ್ಟದ್ದು ತಿಳಿಯದೆ. ಒರೆಸಿದ್ದು, ಇವಳು ಯಾರೆಂದು ತಿಳಿದ ಮೇಲೆ. ಅದು ನನ್ನ ತಪ್ಪು. ಅಕ್ಕೋರದಲ್ಲ.'

ಭಾನುವಾರದ ಕ್ಲಾಸಿನಲ್ಲಿ ಅಕ್ಕೋರ ಸ್ವಂತ ಮಗಳಷ್ಟು ಕೆಟ್ಟ ವಿದ್ಯಾರ್ಥಿ ಬೇರೆ ಇರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಅವಳು ಕಾರ್ಡನ್ನು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಜೋರಾಗಿ ಪೂರ್ತಿ ಓದಿದಳು. ಬಹಳ ಹೊತ್ತು ಹಿಡಿಯಿತು. ಪರದೆ ಎಳೆದ ಆ ಕೋಣೆಯಲ್ಲಿ ನಾನು ಒಂದೊಂದು ಮಾತನ್ನೂ ಕೇಳಿಸಿಕೊಂಡೆ.

"ಕೆಳಗೆ ಸೈನ್ ಬೇಕು ಆಂಟಿ," ಎಂದಳು. "ಎಲ್ಲಾ ಕಾರ್ಡಲ್ಲೂ ಇದೆ. ಹೆಸರು, ಆಮೇಲೆ ಪ್ರೊಫೆಶನ್."

ಹೆಸರು ಬರೆದೆ. ಅದರ ಪಕ್ಕದಲ್ಲಿ, ಅಕ್ಕೋರು ನನ್ನನ್ನು ಕರೆದ ಹಾಗೆ, ದರ್ಜಿ ಎಂದು ಬರೆದೆ.